ರಿಪೇರಿ ಗೊತ್ತಿದ್ದವನ ಅಧಿಕಾರ

ಸಂಸ್ಥೆಯೊಂದರಲ್ಲಿ ಯಾರ ಮಾತು ನಡೆಯುತ್ತದೆಂದು ತಿಳಿಯಲು ನಾವು ಮೊದಲು ಹುಡುಕುವುದು ಹುದ್ದೆಗಳ ಪಟ್ಟಿಯನ್ನು. 1950ರ ದಶಕದಲ್ಲಿ ಫ್ರಾನ್ಸಿನ ಸರ್ಕಾರಿ ತಂಬಾಕು ಕಾರ್ಖಾನೆಗಳನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಮಿಶೆಲ್ ಕ್ರೊಜಿಯೆಗೆ ಆ ಪಟ್ಟಿಯಿಂದ ಏನೂ ತಿಳಿಯಲಿಲ್ಲ. ಅಲ್ಲಿ ಎಲ್ಲಕ್ಕೂ ನಿಯಮವಿತ್ತು. ಯಾರಿಗೆ ಯಾವ ಕೆಲಸ ಎಂಬುದು ಸೇವಾ ಹಿರಿತನದ ಮೇಲೆ ತೀರ್ಮಾನವಾಗುತ್ತಿತ್ತು. ನಿಯಮದ ಹಿಡಿತಕ್ಕೆ ಸಿಗದೆ ಉಳಿದದ್ದು ಒಂದೇ, ಯಂತ್ರ ಕೆಡುವುದು. ಅದನ್ನು ಸರಿಪಡಿಸಬಲ್ಲವರು ರಿಪೇರಿ ಕೆಲಸಗಾರರು ಮಾತ್ರ. ಯಂತ್ರಗಳ ನಕ್ಷೆಗಳೂ ಸೂಚನಾ ಪುಸ್ತಕಗಳೂ ಕಾರ್ಖಾನೆಯಿಂದಲೇ ಕಾಣೆಯಾಗಿದ್ದವು. ರಿಪೇರಿಯವರನ್ನು ಪ್ರಶ್ನಿಸುವಷ್ಟು ತಿಳಿವಳಿಕೆ ಮೇಲ್ವಿಚಾರಕರಿಗೆ ಇರಲಿಲ್ಲ. ಯಂತ್ರ ನಡೆಸುವವರಲ್ಲಿ ಹೆಚ್ಚಿನವರು ಮಹಿಳೆಯರು; ಅವರು ರಿಪೇರಿಯವರ ಮರ್ಜಿ ಕಾಯಬೇಕಿತ್ತು. ಒಳಗೊಳಗೇ ಕುದಿಯುತ್ತಿದ್ದರೂ ಬಹಿರಂಗವಾಗಿ ದೂರಲು ಹಿಂಜರಿಯುತ್ತಿದ್ದರು. ಕಾರ್ಮಿಕರ ಒಗ್ಗಟ್ಟು ಒಡೆದರೆ ತಮ್ಮನ್ನು ಕಾಯುವ ಹಿರಿತನದ ನಿಯಮಕ್ಕೂ ಧಕ್ಕೆಯೆಂಬ ಅಳುಕು ಅವರಿಗಿತ್ತು. ಹೀಗಾಗಿ ಸಂಸ್ಥೆಯೊಂದರ ಒಳಜಗಳದ ನಕ್ಷೆ ಬರೆಯುವವರು ಯಾರು ಯಾರ ಮೇಲಿದ್ದಾರೆ ಎಂದು ಕೇಳಿದರೆ ಸಾಲದು. ಏನಾಗುತ್ತದೋ ಗೊತ್ತಿಲ್ಲದ ಜಾಗ ಯಾವುದು, ಅದು ಯಾರ ಕೈಯಲ್ಲಿದೆ ಎಂದು ಕೇಳಬೇಕು.

ಇದು ಹಳೆಯ ಕಾರ್ಖಾನೆಯ ಮಾತು, ಇಂದಿನ ಕಂಪನಿಗಳಲ್ಲಿ ನಿರ್ದೇಶಕ ಮಂಡಳಿಯ ತೀರ್ಮಾನವೇ ಕೊನೆ ಎನ್ನುವವರಿದ್ದಾರೆ. ಬೆಂಗಳೂರಿನ ಇನ್ಫೊಸಿಸ್‌ನಲ್ಲಿ 2017ರಲ್ಲಿ ನಡೆದದ್ದನ್ನು ಅವರು ನೆನಪಿಸಿಕೊಳ್ಳಲಿ. ಸಂಸ್ಥಾಪಕರ ಕುಟುಂಬಗಳ ಪಾಲು ಶೇ 13ಕ್ಕಿಂತ ಕಡಿಮೆ ಇತ್ತು, ಸಂಸ್ಥಾಪಕರಲ್ಲೊಬ್ಬರಾದ ನಾರಾಯಣ ಮೂರ್ತಿ ಮಂಡಳಿಯಲ್ಲಿ ಇರಲೇ ಇಲ್ಲ. ಆದರೂ ಕಂಪನಿಯ ಆಡಳಿತದ ಬಗ್ಗೆ ಅವರು ಎತ್ತಿದ ಪ್ರಶ್ನೆಗಳು ತಣ್ಣಗಾಗಲಿಲ್ಲ. ಆಗಸ್ಟ್ 18ರಂದು ಸಿಇಒ ವಿಶಾಲ್ ಸಿಕ್ಕಾ ರಾಜೀನಾಮೆ ಕೊಟ್ಟರು. ಮೂರ್ತಿಯವರ ಟೀಕೆಯೇ ಅದಕ್ಕೆ ಕಾರಣ ಎಂದಿತು ಮಂಡಳಿ, ಆ ಆರೋಪದಿಂದ ನೊಂದಿದ್ದೇನೆ ಎಂದರು ಮೂರ್ತಿ. ಒಂದೇ ವಾರದಲ್ಲಿ ಇನ್ನೊಬ್ಬ ಸಂಸ್ಥಾಪಕ ನಂದನ್ ನಿಲೇಕಣಿ ಅಧ್ಯಕ್ಷರಾಗಿ ಬಂದರು. ಯಾರು ಸರಿ ಎಂಬ ಪ್ರಶ್ನೆ ಬೇರೆ. ಹೂಡಿಕೆದಾರರು ಯಾರನ್ನು ನಂಬುತ್ತಾರೆ ಎಂಬ ಅನಿಶ್ಚಿತತೆಯ ಮೇಲೆ ಮಂಡಳಿಗಿಂತ ಹೊರಗಿದ್ದವರಿಗೇ ಹೆಚ್ಚು ಹಿಡಿತವಿತ್ತು ಎಂಬುದು ನನ್ನ ಓದು.

ಇಂಥ ನಕ್ಷೆ ಆಡಳಿತದ ಕೈಗೆ ಸಿಕ್ಕರೆ ಎದುರಾಡುವವರನ್ನು ಮಣಿಸಲು ಬಳಕೆಯಾಗುತ್ತದೆ ಎಂಬ ಆಕ್ಷೇಪ ಮೊದಲಿನದಕ್ಕಿಂತ ಗಂಭೀರ. ಆ ಅಪಾಯ ನಿಜ. ಆದರೆ ನಕ್ಷೆಯೇ ಇಲ್ಲದಾಗ ನಷ್ಟ ಯಾರಿಗೆ? ತಂಬಾಕು ಕಾರ್ಖಾನೆಯಲ್ಲಿ ನಿರ್ದೇಶಕರಿಗಿಂತ ಹೆಚ್ಚು ಸಂಕಟಪಟ್ಟವರು ಯಂತ್ರದ ಮುಂದೆ ನಿಂತ ಹೆಂಗಸರು. ಆದ್ದರಿಂದ ಸಂಸ್ಥೆಯನ್ನು ಅಧ್ಯಯನ ಮಾಡಲು ಕರೆಸಿಕೊಂಡ ಸಲಹೆಗಾರರು ತಮ್ಮ ವರದಿಯನ್ನು ಆಡಳಿತಕ್ಕೆ ಕೊಟ್ಟು ಕೈತೊಳೆದುಕೊಳ್ಳಬಾರದು. ಅದರಲ್ಲಿ ಯಾರ ಕೆಲಸದ ಪ್ರಸ್ತಾಪವಿದೆಯೋ ಆ ನೌಕರರಿಗೂ ಅದೇ ದಿನ ಓದಲು ಕೊಡಬೇಕು.