ಆಶ್ರಮದಿಂದ ಬೀದಿಗಿಳಿದ ದೂರದರ್ಶಕ

ಆಕಾಶ ನೋಡುವ ಹವ್ಯಾಸಿಗಳು ಎಲ್ಲಿ ಸೇರಿದರೂ ಅಲ್ಲೊಂದು ‘ಡಾಬ್ಸೋನಿಯನ್’ ಇರುತ್ತದೆ. ಪ್ಲೈವುಡ್ ಪೆಟ್ಟಿಗೆಯಲ್ಲಿ ಕೂತ ದಪ್ಪ ಕೊಳವೆ, ಅಷ್ಟೇ. ಬೆಂಗಳೂರಿನ ಹವ್ಯಾಸಿಗಳ ಬಳಿಯೂ ಇದೆ. ಈ ಹೆಸರಿನ ಹಿಂದಿರುವ ಜಾನ್ ಡಾಬ್ಸನ್ ಇಪ್ಪತ್ಮೂರು ವರ್ಷ ರಾಮಕೃಷ್ಣ ಪರಂಪರೆಯ ಆಶ್ರಮವಾಸಿಯಾಗಿದ್ದರು ಎಂದರೆ ನಮ್ಮಲ್ಲಿ ಅನೇಕರು ಹುಬ್ಬೇರಿಸುತ್ತಾರೆ. ಅವರು ಕಟ್ಟಿದ ‘ಸ್ಯಾನ್ ಫ್ರಾನ್ಸಿಸ್ಕೊ ಸೈಡ್‌ವಾಕ್ ಅಸ್ಟ್ರಾನಮರ್ಸ್’, ಅಂದರೆ ಫುಟ್‌ಪಾತ್ ಖಗೋಳವೀಕ್ಷಕರ ಸಂಘದ ಕಥೆ ಶುರುವಾಗುವುದೇ ಆಶ್ರಮದಿಂದ.

ಡಾಬ್ಸನ್ ಹುಟ್ಟಿದ್ದು 1915ರಲ್ಲಿ, ಚೀನಾದ ಬೀಜಿಂಗ್‌ನಲ್ಲಿ. ಬರ್ಕ್ಲಿಯಲ್ಲಿ ರಸಾಯನಶಾಸ್ತ್ರ ಓದಿದರು. ಹರೆಯದಲ್ಲಿ ನಾಸ್ತಿಕರಾಗಿದ್ದವರು ವೇದಾಂತದ ಉಪನ್ಯಾಸ ಕೇಳಿ ಮನಸ್ಸು ಬದಲಿಸಿದರು. 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ವೇದಾಂತ ಸೊಸೈಟಿ ಸೇರಿದರು. ಸ್ವಾಮಿ ವಿವೇಕಾನಂದರೇ 1900ರಲ್ಲಿ ಸ್ಥಾಪಿಸಿದ ಕೇಂದ್ರ ಅದು. ವೇದಾಂತದ ಮಾತಿಗೂ ಆಧುನಿಕ ಖಗೋಳಶಾಸ್ತ್ರಕ್ಕೂ ತಾಳೆ ನೋಡುವ ಕೆಲಸ ಅಲ್ಲಿ ಅವರ ಪಾಲಿಗೆ ಬಂತು. ಪುಸ್ತಕ ಓದಿದರಷ್ಟೇ ಸಾಲದು, ಕಣ್ಣಾರೆ ನೋಡಬೇಕು ಅನ್ನಿಸಿತು. ಕೈಯಲ್ಲಿ ಕಾಸಿರಲಿಲ್ಲ. ಗುಜರಿ ಹಡಗಿನ ಕಿಟಕಿಯ ಗಾಜು ಸಿಕ್ಕಿತು. ಅದನ್ನೇ ಉಜ್ಜಿ ಕನ್ನಡಿ ಮಾಡಿ 1956ರಲ್ಲಿ ಅರ್ಧಚಂದ್ರನತ್ತ ತಿರುಗಿಸಿದರು. ಇದನ್ನು ಎಲ್ಲರೂ ನೋಡಲೇಬೇಕು ಎಂದು ಆ ಹೊತ್ತಿನಲ್ಲೇ ಅನ್ನಿಸಿತಂತೆ.

ಮುಂದೆ ಸ್ಯಾಕ್ರಮೆಂಟೊ ಆಶ್ರಮಕ್ಕೆ ವರ್ಗವಾದ ಮೇಲೆ ರಾತ್ರಿ ಹೊತ್ತು ಗಾಲಿ ಕಟ್ಟಿದ ಟೆಲಿಸ್ಕೋಪ್ ತಳ್ಳಿಕೊಂಡು ನೆರೆಹೊರೆಗೆ ಹೊರಡುತ್ತಿದ್ದರು. ಹಿರಿಯರಿಗೆ ಇದು ಹಿಡಿಸಲಿಲ್ಲ. ಹಾಗಾಗಿ ಇನ್ನೊಬ್ಬ ಆಶ್ರಮವಾಸಿಯೊಂದಿಗಿನ ಪತ್ರಗಳಲ್ಲಿ ಗುಟ್ಟಿನ ಭಾಷೆ ಬೆಳೆಯಿತು. ‘ಜೆರೇನಿಯಂ’ ಎಂದರೆ ಟೆಲಿಸ್ಕೋಪ್. ‘ಕುಂಡದಲ್ಲಿ ನೆಟ್ಟ ಜೆರೇನಿಯಂ’ ಎಂದರೆ ಕೊಳವೆಗೆ ಕೂರಿಸಿ ಆಯಿತು. ‘ಹೂ ಬಿಟ್ಟಿದೆ’ ಎಂದರೆ ಕನ್ನಡಿಗೆ ಅಲ್ಯೂಮಿನಿಯಂ ಲೇಪವೂ ಬಿದ್ದು ನೋಡಲು ಸಿದ್ಧ! ಈ ತೋಟಗಾರಿಕೆಗಾಗಿಯೇ ಅವರ ಬಗ್ಗೆ ಬರೆಯಬೇಕು ಅನ್ನಿಸಿತ್ತು ನನಗೆ. ಹೂಗಳ ನೆಪ ಎಷ್ಟು ದಿನ ನಡೆದೀತು? 1967ರಲ್ಲಿ ಅವರನ್ನು ಆಶ್ರಮದಿಂದ ಹೊರಗೆ ಕಳಿಸಿದರು. ವಯಸ್ಸು ಐವತ್ತು ದಾಟಿತ್ತು. ಮನೆಯಿಲ್ಲ, ನೌಕರಿಯಿಲ್ಲ.

ಮರುವರ್ಷ ಇಬ್ಬರು ಹುಡುಗ ಶಿಷ್ಯರ ಜೊತೆ ಸಂಘ ಹುಟ್ಟಿತು. ಅವರಲ್ಲೊಬ್ಬ 12 ಇಂಚಿನ ಟೆಲಿಸ್ಕೋಪ್ ಕಟ್ಟಿದ್ದ. ಆದರೆ ಚಿಕ್ಕ ವಯಸ್ಸಿನವನೆಂದು ಊರಿನ ಖಗೋಳ ಸಂಘಕ್ಕೆ ಸೇರಿಸಿಕೊಳ್ಳಲಿಲ್ಲ. ಹಾಗಾದರೆ ನಮ್ಮದೇ ಒಂದಿರಲಿ ಎಂದರು. ಸಭಾಂಗಣವಿರಲಿಲ್ಲ, ಜಾಕ್ಸನ್ ಮತ್ತು ಬ್ರಾಡರಿಕ್ ಬೀದಿಗಳ ಮೂಲೆಯೇ ವೀಕ್ಷಣಾಲಯ. ದಾರಿಹೋಕರನ್ನು ಕರೆದು ಚಂದ್ರನನ್ನೋ ಶನಿಯ ಬಳೆಯನ್ನೋ ತೋರಿಸುವುದೇ ಕಾರ್ಯಕ್ರಮ. ಕಾಸು ಕೇಳುತ್ತಿರಲಿಲ್ಲ.

ಬೇಸಿಗೆಯಲ್ಲಿ ಹಳೆಯ ಬಸ್ಸಿಗೆ ಕೊಳವೆಗಳನ್ನು ಹೇರಿಕೊಂಡು ರಾಷ್ಟ್ರೀಯ ಉದ್ಯಾನಗಳಿಗೆ ಹೊರಡುತ್ತಿದ್ದರು. ಆಕಾಶ ಉದ್ಯಾನಕ್ಕೆ ಸೇರಿದ್ದಲ್ಲ ಎಂದು ಅಲ್ಲಿನ ಕಾವಲು ಅಧಿಕಾರಿಯೊಬ್ಬರು ತಕರಾರು ತೆಗೆದರಂತೆ. ಅದಕ್ಕೆ ಡಾಬ್ಸನ್, ಉದ್ಯಾನವೇ ಆಕಾಶಕ್ಕೆ ಸೇರಿದ್ದಲ್ಲವೇ ಎಂದರಂತೆ.

ಟೆಲಿಸ್ಕೋಪಿನ ಜೀವ ಕನ್ನಡಿಯಲ್ಲಿದೆ. ಎರಡು ಗಾಜಿನ ಬಿಲ್ಲೆಗಳ ನಡುವೆ ಕಾರ್ಬೊರಂಡಮ್ ಪುಡಿ, ನೀರು ಹಾಕಿ, ಸಾಣೆಕಲ್ಲಿನ ಮೇಲೆ ಗಂಧ ತೇಯುವಷ್ಟೇ ತಾಳ್ಮೆಯಿಂದ ಉಜ್ಜುತ್ತ ಹೋದರೆ ಮೇಲಿನದು ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ಪುಡಿ ನಯವಾಗುತ್ತ ಬಂದು, ಕಡೆಗೆ ರಾಳದ ಹಾಸಿನ ಮೇಲೆ ಮೆರುಗು. ಬೆಳಕಿನ ಅಲೆಯುದ್ದದ ಒಂದು ಪಾಲಿನಷ್ಟು ತಪ್ಪಿದರೂ ಶನಿ ಮಸುಕಾಗುತ್ತಾನೆ. ಉಳಿದದ್ದೆಲ್ಲ ಸುಲಭ: ಕಾಂಕ್ರೀಟ್ ಕಂಬ ಎರಕ ಹೊಯ್ಯುವ ರಟ್ಟಿನ ಕೊಳವೆ, ಪ್ಲೈವುಡ್ ಪೆಟ್ಟಿಗೆ, ಜಾರಲು ಟೆಫ್ಲಾನ್ ತುಂಡುಗಳು. ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಕೈಯಲ್ಲೇ ತಳ್ಳಿದರಾಯಿತು. ಅಷ್ಟು ತೆಳು ಗಾಜಿನಲ್ಲಿ ದೊಡ್ಡ ಕನ್ನಡಿಯೇ ಎಂದು ಪರಿಣತರು ಮೂಗು ಮುರಿದಿದ್ದರು. ಡಾಬ್ಸನ್ 24 ಇಂಚಿನದನ್ನೂ ಕಟ್ಟಿದರು. ಪೇಟೆಂಟ್ ತೆಗೆದುಕೊಳ್ಳಲಿಲ್ಲ.

ಮಹಾಸ್ಫೋಟ ಸಿದ್ಧಾಂತವನ್ನು ಅವರು ಕೊನೆಯವರೆಗೂ ಒಪ್ಪಲಿಲ್ಲ. ಅವರ ಸ್ವಂತ ವಿಶ್ವಸಿದ್ಧಾಂತವನ್ನು ವಿಜ್ಞಾನಿಗಳು ಒಪ್ಪಲಿಲ್ಲ. ನನಗೂ ಅದು ನಂಬುವಂತೆ ಕಾಣುವುದಿಲ್ಲ. ಆದರೆ ಬೀದಿಯಲ್ಲಿ ಶನಿಯನ್ನು ತೋರಿಸಲು ಅದು ಅಡ್ಡ ಬರಲಿಲ್ಲ. ವೇದಾಂತದ ನಂಟೂ ಕಡಿಯಲಿಲ್ಲ. ವರ್ಷದಲ್ಲಿ ಎರಡು ತಿಂಗಳು ದಕ್ಷಿಣ ಕ್ಯಾಲಿಫೋರ್ನಿಯಾದ ವೇದಾಂತ ಸೊಸೈಟಿಯಲ್ಲಿ ಇರುತ್ತಿದ್ದರು. 2014ರ ಜನವರಿ 15ರಂದು, 98ನೇ ವಯಸ್ಸಿನಲ್ಲಿ ತೀರಿಕೊಂಡರು.

ಈಗ ಡಾಬ್ಸೋನಿಯನ್‌ಗಳು ಕಾರ್ಖಾನೆಯಿಂದ ಸಿದ್ಧವಾಗಿ ಬರುತ್ತವೆ. ಗಾಜು ಉಜ್ಜುವವರು ಕಡಿಮೆಯಾಗಿದ್ದಾರೆ. ಊರುಗಳ ದೀಪ ಹೆಚ್ಚಿ ನಕ್ಷತ್ರಗಳು ಮಂಕಾಗಿವೆ. ಆದರೆ ಚಂದ್ರ, ಗುರು, ಶನಿ ಬೀದಿದೀಪಕ್ಕೆ ಸೋಲುವವರಲ್ಲ. ನಿಮ್ಮ ಮನೆಯ ಅಟ್ಟದ ಮೇಲೆ ದೂಳು ಹಿಡಿದ ಟೆಲಿಸ್ಕೋಪ್ ಇದ್ದರೆ ಶುಕ್ಲಪಕ್ಷದ ಅಷ್ಟಮಿಯ ಸಂಜೆ ಗೇಟಿನ ಹೊರಗೆ ತಂದಿಡಿ. ಹುಣ್ಣಿಮೆಗೆ ಕಾಯಬೇಡಿ, ಅಂದು ನೆರಳಿಲ್ಲದೆ ಚಂದ್ರನ ಕುಳಿಗಳು ಸರಿಯಾಗಿ ಕಾಣುವುದಿಲ್ಲ.