ಮುಂಗಡ ತುಂಬಿದ ಕಾರ್ಡು, ತಿಂಗಳ ಚಂದಾ: ಲೆಕ್ಕ ಹಾಕುವ ಬಗೆ

ವಾರಪತ್ರಿಕೆಗೆ ಮನಿಯಾರ್ಡರ್ ಮೂಲಕ ಚಂದಾ ಕಟ್ಟುತ್ತಿದ್ದ ಕಾಲವೊಂದಿತ್ತು. ಹಣ ಕಳುಹಿಸಲು ಮರೆತರೆ ಪತ್ರಿಕೆ ಬರುವುದು ನಿಲ್ಲುತ್ತಿತ್ತು. ಇಂದು ಮೊಬೈಲ್ ಫೋನಿನಲ್ಲಿ ಪಡೆಯುವ ಸಂಗೀತ, ಚಲನಚಿತ್ರ, ಆಟ ಮತ್ತು ಕಲಿಕೆಯ ತಂತ್ರಾಂಶಗಳ ಚಂದಾ ಇದಕ್ಕೆ ತದ್ವಿರುದ್ಧವಾದುದು. ಇಲ್ಲಿ ಮರೆತರೆ ಚಂದಾ ನಿಲ್ಲುವುದಿಲ್ಲ, ಮುಂದುವರಿಯುತ್ತದೆ. ಪ್ರತಿ ತಿಂಗಳೂ ಹಣ ತಾನಾಗಿಯೇ ಹೋಗುತ್ತಿರುತ್ತದೆ.

ವಿದ್ಯಾರ್ಥಿಯ ಬ್ಯಾಂಕ್ ಖಾತೆಯಲ್ಲಿ ಇರುವುದು ಸಾಮಾನ್ಯವಾಗಿ ವಿದ್ಯಾರ್ಥಿವೇತನ ಅಥವಾ ಮನೆಯವರು ಕಳುಹಿಸಿದ ಹಣ. ಹಾಸ್ಟೆಲ್ಲಿನ ಊಟದ ಬಿಲ್ಲು, ಬಸ್ ಪಾಸು, ಪರೀಕ್ಷಾ ಶುಲ್ಕ ಎಲ್ಲವೂ ಅದರಿಂದಲೇ ನಡೆಯಬೇಕು. ಅದೇ ಖಾತೆಯ ಡೆಬಿಟ್ ಕಾರ್ಡಿಗೆ ನಾಲ್ಕಾರು ಚಂದಾಗಳನ್ನು ಜೋಡಿಸಿದರೆ, ಶುಲ್ಕ ಕಟ್ಟುವ ದಿನ ಖಾತೆಯಲ್ಲಿ ಹಣ ಸಾಲದೆ ಹೋಗಬಹುದು. ಈ ತೊಂದರೆಯಿಂದ ಪಾರಾಗಲು ಇರುವ ಒಂದು ಸಾಧನ ಪ್ರಿಪೇಯ್ಡ್ ವರ್ಚುವಲ್ ಕಾರ್ಡ್. ಆದರೆ ಕಾರ್ಡ್ ಪಡೆದ ಮಾತ್ರಕ್ಕೆ ಉಳಿತಾಯವಾಗದು. ಅದಕ್ಕೆ ಎಷ್ಟು ಹಣವನ್ನು ಯಾವ ದಿನ ತುಂಬಬೇಕೆಂಬ ಲೆಕ್ಕ ತಿಳಿದಿರಬೇಕು.

ವರ್ಚುವಲ್ ಕಾರ್ಡ್ ಎಂದರೇನು?

ಪ್ಲಾಸ್ಟಿಕ್ಕಿನ ತುಂಡಿಲ್ಲದೆ ಕೇವಲ ಸಂಖ್ಯೆಯ ರೂಪದಲ್ಲಿ ಫೋನಿನ ಪರದೆಯ ಮೇಲೆ ಕಾಣುವ ಕಾರ್ಡನ್ನು ವರ್ಚುವಲ್ ಕಾರ್ಡ್ ಎನ್ನುತ್ತಾರೆ. ಮೊದಲೇ ಹಣ ತುಂಬಿ ಆಮೇಲೆ ಖರ್ಚು ಮಾಡುವುದರಿಂದ ಅದು ಪ್ರಿಪೇಯ್ಡ್. ಇದರಲ್ಲಿ ಸಾಲದ ಸೌಲಭ್ಯವಿಲ್ಲ. 300 ರೂ. ತುಂಬಿದ್ದರೆ 301 ರೂ. ಖರ್ಚು ಮಾಡಲು ಬಾರದು. ಕಾರ್ಡಿನ ಸಂಖ್ಯೆ ಕಳ್ಳರ ಪಾಲಾದರೂ ನಷ್ಟ ಅದರಲ್ಲಿರುವ ಶಿಲ್ಕಿಗೆ ಸೀಮಿತವಾಗಿರುತ್ತದೆ.

ನಮ್ಮ ದೇಶದಲ್ಲಿ ಇಂತಹ ಕಾರ್ಡುಗಳು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 27ರಂದು ಹೊರಡಿಸಿದ ನಿರ್ದೇಶನಗಳ ವ್ಯಾಪ್ತಿಗೆ ಬಂದವು. ಆ ನಿರ್ದೇಶನಗಳಲ್ಲಿ ಎರಡು ಮುಖ್ಯ ಬಗೆಗಳಿವೆ. ಅಲ್ಪ ವಿವರ ಪಡೆದು ಕೊಡುವ ಕಾರ್ಡಿನಲ್ಲಿ ಯಾವ ಸಮಯದಲ್ಲೂ ಶಿಲ್ಕು 10,000 ರೂ. ಮೀರುವಂತಿಲ್ಲ. ಅದನ್ನು ಖರೀದಿಗೆ ಮಾತ್ರ ಬಳಸಬಹುದು. ನಗದಾಗಿ ತೆಗೆಯಲು ಬಾರದು. ಕೆ.ವೈ.ಸಿ. ಎಂದು ಕರೆಯುವ ಗುರುತು-ವಿಳಾಸಗಳ ಪೂರ್ಣ ಪರಿಶೀಲನೆಯ ನಂತರ ಕೊಡುವ ಕಾರ್ಡಿನಲ್ಲಿ ಈ ಮಿತಿ 2 ಲಕ್ಷ ರೂ. ವಿದೇಶಿ ಪಾವತಿಗೆ ಅವಕಾಶವಿರುವುದು ಎರಡನೆಯ ಬಗೆಗೆ ಮಾತ್ರ. ಅದನ್ನೂ ವಿದೇಶಿ ವಿನಿಮಯಕ್ಕೆ ಅಧಿಕಾರ ಪಡೆದ ಬ್ಯಾಂಕೇ ಕೊಟ್ಟಿರಬೇಕು. ಆಗಲೂ ಒಂದು ವ್ಯವಹಾರಕ್ಕೆ 10,000 ರೂ., ತಿಂಗಳಿಗೆ 50,000 ರೂ. ಮಿತಿಯಿದೆ. ಡಾಲರಿನಲ್ಲಿ ಹಣ ಕೇಳುವ ಸೇವೆಗೆ ಅನೇಕರ ಕಾರ್ಡು ಒಪ್ಪಿಗೆಯಾಗದಿರಲು ಇದೂ ಒಂದು ಕಾರಣ.

ಇಂತಹ ಶಿಲ್ಕಿಗೆ ಬಡ್ಡಿ ಬರುವುದಿಲ್ಲ ಎಂಬುದನ್ನೂ ಗಮನಿಸಬೇಕು. ಆದ್ದರಿಂದ ಕಾರ್ಡು ಹಣ ಕೂಡಿಡುವ ಸ್ಥಳವಲ್ಲ. ಕೂಡಿಡುವ ಹಣ ಉಳಿತಾಯ ಖಾತೆಯಲ್ಲಿರಲಿ. ಸದ್ಯಕ್ಕೆ ಬೇಕಾದಷ್ಟು ಮಾತ್ರ ಕಾರ್ಡಿಗೆ ಬರಲಿ.

ಒಂದೇ ಸೇವೆ, ದೇಶಕ್ಕೊಂದು ಬೆಲೆ

ಒಂದೇ ಬಸ್ಸಿನ ಒಂದೇ ಸೀಟಿಗೆ ಒಬ್ಬರು ಪೂರ್ಣ ದರ ಕೊಡುತ್ತಾರೆ. ಪಕ್ಕದಲ್ಲಿ ಕುಳಿತ ವಿದ್ಯಾರ್ಥಿ ರಿಯಾಯಿತಿ ಪಾಸಿನಲ್ಲಿ ಪ್ರಯಾಣ ಮಾಡುತ್ತಾನೆ. ಗ್ರಾಹಕರನ್ನು ಗುಂಪುಗಳಾಗಿ ವಿಂಗಡಿಸಿ ಬೇರೆ ಬೇರೆ ದರ ವಿಧಿಸುವುದಕ್ಕೆ ಅರ್ಥಶಾಸ್ತ್ರದಲ್ಲಿ ಬೆಲೆ ತಾರತಮ್ಯ ಎಂದು ಹೆಸರು. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಎ. ಸಿ. ಪಿಗೂ 1920ರಲ್ಲಿ ಇದನ್ನು ಮೂರು ದರ್ಜೆಗಳಾಗಿ ವಿಂಗಡಿಸಿದರು. ಗುಂಪು ನೋಡಿ ದರ ನಿಗದಿ ಮಾಡುವುದು ಮೂರನೆಯ ದರ್ಜೆ. ಡಿಜಿಟಲ್ ಚಂದಾಗಳಲ್ಲಿ ದೇಶವೇ ಒಂದು ಗುಂಪು.

ಹಾಡಿನ ಅಥವಾ ಚಿತ್ರದ ಮತ್ತೊಂದು ಪ್ರತಿಯನ್ನು ಇನ್ನೊಬ್ಬ ಗ್ರಾಹಕನಿಗೆ ತಲುಪಿಸಲು ಕಂಪನಿಗೆ ತಗಲುವ ಹೆಚ್ಚುವರಿ ವೆಚ್ಚ ಬಹಳ ಕಡಿಮೆ. ಆದಾಯ ಕಡಿಮೆಯಿರುವ ದೇಶದಲ್ಲಿ ಅಮೆರಿಕದ ದರ ಇಟ್ಟರೆ ಕೊಳ್ಳುವವರು ಸಿಗರು. ದರ ಇಳಿಸಿದರೆ ಲಕ್ಷಾಂತರ ಚಂದಾದಾರರು ದೊರೆಯುತ್ತಾರೆ. ನೆಟ್‌ಫ್ಲಿಕ್ಸ್ 2021ರ ಡಿಸೆಂಬರಿನಲ್ಲಿ ಭಾರತದ ದರಗಳನ್ನು ಇಳಿಸಿತು. ಮೊಬೈಲ್ ಯೋಜನೆ 199 ರೂ.ಗಳಿಂದ 149 ರೂ.ಗಳಿಗೂ ಬೇಸಿಕ್ ಯೋಜನೆ 499 ರೂ.ಗಳಿಂದ 199 ರೂ.ಗಳಿಗೂ ಇಳಿದವು. ಆಗ ಅಮೆರಿಕದಲ್ಲಿ ಬೇಸಿಕ್ ಯೋಜನೆಗೆ 8.99 ಡಾಲರ್ ಇತ್ತು. ಅಂದಿನ ವಿನಿಮಯ ದರದಲ್ಲಿ ಅದು ಸುಮಾರು 675 ರೂ.

ಈ ಅಗ್ಗದ ದರ ಆ ದೇಶದಲ್ಲಿರುವವರಿಗೆ ಮೀಸಲು. ಕಾರ್ಡು ಸಂಖ್ಯೆಯ ಆರಂಭದ ಆರು ಅಥವಾ ಎಂಟು ಅಂಕಿಗಳಿಂದ ಅದನ್ನು ಕೊಟ್ಟ ಸಂಸ್ಥೆ ಯಾವುದು, ದೇಶ ಯಾವುದು ಎಂಬುದು ತಿಳಿಯುತ್ತದೆ. ಅಂತರಜಾಲ ಸಂಪರ್ಕ ಯಾವ ದೇಶದಿಂದ ಬಂದಿದೆ ಎಂಬುದನ್ನೂ ಕಂಪನಿಗಳು ನೋಡುತ್ತವೆ. ಬೇರೆ ದೇಶದಲ್ಲಿರುವಂತೆ ತೋರಿಸಿಕೊಂಡು ಅಗ್ಗದ ಚಂದಾ ಪಡೆಯುವವರಿದ್ದಾರೆ. ಇದು ಸೇವೆಯ ಕರಾರಿಗೆ ವಿರುದ್ಧ. 2024ರ ಜೂನ್‌ನಲ್ಲಿ ಯೂಟ್ಯೂಬ್ ಹೀಗೆ ಪಡೆದ ಪ್ರೀಮಿಯಂ ಚಂದಾಗಳನ್ನು ರದ್ದು ಮಾಡತೊಡಗಿತು.

ಪ್ರಾದೇಶಿಕ ದರ ಶಾಶ್ವತವೂ ಅಲ್ಲ. ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ಮಳಿಗೆ 2023ರ ನವೆಂಬರಿನಲ್ಲಿ ಅರ್ಜೆಂಟೀನಾದ ಪೆಸೊ ಮತ್ತು ಟರ್ಕಿಯ ಲಿರಾ ದರಗಳನ್ನು ಕೈಬಿಟ್ಟು ಡಾಲರ್ ದರಕ್ಕೆ ಬದಲಾಯಿತು. ಆ ನಾಣ್ಯಗಳ ಮೌಲ್ಯ ಸ್ಥಿರವಾಗಿರದಿದ್ದುದೇ ಇದಕ್ಕೆ ಕಾರಣ. ನಮ್ಮಲ್ಲಿಯೂ ಯೂಟ್ಯೂಬ್ ಪ್ರೀಮಿಯಂನ ತಿಂಗಳ ದರ 2024ರ ಆಗಸ್ಟಿನಲ್ಲಿ 129 ರೂ.ಗಳಿಂದ 149ಕ್ಕೂ, ವಿದ್ಯಾರ್ಥಿ ದರ 79ರಿಂದ 89ಕ್ಕೂ ಏರಿದವು. ಇಂದಿನ ದರವೇ ವರ್ಷವಿಡೀ ಇರುತ್ತದೆಂದು ನಂಬಿ ಲೆಕ್ಕ ಹಾಕಬಾರದು.

ಡಾಲರ್ ಬೆಲೆಯ ನಿಜವಾದ ಮೊತ್ತ

ಪ್ರಾದೇಶಿಕ ದರ ಇಲ್ಲದ ಸೇವೆಗಳು ಡಾಲರಿನಲ್ಲಿ ಹಣ ಕೇಳುತ್ತವೆ. ತಿಂಗಳಿಗೆ 4 ಡಾಲರ್ ದರದ ಒಂದು ತಂತ್ರಾಂಶ ಇದೆ ಎಂದಿಟ್ಟುಕೊಳ್ಳೋಣ. ಲೆಕ್ಕದ ಅನುಕೂಲಕ್ಕಾಗಿ ಡಾಲರಿಗೆ 90 ರೂ. ಎಂದೂ, ಕಾರ್ಡು ಕೊಟ್ಟ ಸಂಸ್ಥೆ ವಿದೇಶಿ ವಿನಿಮಯಕ್ಕೆ ಶೇ. 3.5 ಶುಲ್ಕ ಹಾಕುತ್ತದೆ ಎಂದೂ ಇಟ್ಟುಕೊಳ್ಳೋಣ. ವಿದೇಶದಿಂದ ಬರುವ ಡಿಜಿಟಲ್ ಸೇವೆಗೂ ಶೇ. 18 ಜಿ.ಎಸ್.ಟಿ. ಇದೆ.

ತಂತ್ರಾಂಶದ ಬೆಲೆ, 4 ಡಾಲರ್: 360.00 ರೂ.
ಅದರ ಮೇಲೆ ಶೇ. 18 ಜಿ.ಎಸ್.ಟಿ.: 64.80 ರೂ.
424.80 ರೂ. ಮೇಲೆ ಶೇ. 3.5 ವಿನಿಮಯ ಶುಲ್ಕ: 14.87 ರೂ.
ಆ ಶುಲ್ಕದ ಮೇಲೆ ಶೇ. 18 ಜಿ.ಎಸ್.ಟಿ.: 2.68 ರೂ.
ಒಟ್ಟು: 442.35 ರೂ.

360 ರೂ. ಎಂದು ತೋರಿದ ಬೆಲೆ ಸುಮಾರು ಶೇ. 23ರಷ್ಟು ಹೆಚ್ಚಾಯಿತು. ಕಾರ್ಡಿಗೆ 400 ರೂ. ತುಂಬಿದ ವಿದ್ಯಾರ್ಥಿಯ ಪಾವತಿ ತಿರಸ್ಕೃತವಾಗುತ್ತದೆ. ಇದಲ್ಲದೆ ಡಾಲರಿನ ದರವೂ ಏರುಪೇರಾಗುತ್ತದೆ. 2014ರಲ್ಲಿ ಸುಮಾರು 61 ರೂ. ಇದ್ದ ಡಾಲರ್ 2024ರ ಡಿಸೆಂಬರಿನಲ್ಲಿ 85 ರೂ. ದಾಟಿತು. ಆದ್ದರಿಂದ ಡಾಲರ್ ಚಂದಾಕ್ಕೆ ಇನ್ನೂ ಶೇ. 5ರಷ್ಟು ಸೇರಿಸಿ, ಮೇಲಿನ ಉದಾಹರಣೆಯಲ್ಲಿ 465 ರೂ. ಎಂದು ಇಟ್ಟುಕೊಳ್ಳುವುದು ಕ್ಷೇಮ. ರೂಪಾಯಿ ದರದಲ್ಲಿ ತೆರಿಗೆ ಸೇರಿದೆಯೇ ಎಂಬುದನ್ನು ಮಾತ್ರ ನೋಡಿಕೊಂಡರೆ ಸಾಕು.

ವರ್ಷದ ಲೆಕ್ಕ ಮತ್ತು ತಿಂಗಳ ಲೆಕ್ಕ

ಧಾರವಾಡದ ಹಾಸ್ಟೆಲ್ಲಿನಲ್ಲಿರುವ ಒಬ್ಬ ವಿದ್ಯಾರ್ಥಿನಿ ಚಂದಾಗಳಿಗೆಂದು ತಿಂಗಳಿಗೆ 600 ರೂ. ತೆಗೆದಿಡುತ್ತಾಳೆ ಎಂದು ಭಾವಿಸೋಣ. ಆಕೆಗೆ ಬೇಕಾದುವು ಇವು: ಸಂಗೀತ, ತಿಂಗಳಿಗೆ 99 ರೂ.; ಚಲನಚಿತ್ರ, ತಿಂಗಳಿಗೆ 149 ರೂ.; ಭಾಷಾ ಕಲಿಕೆ, ವರ್ಷಕ್ಕೊಮ್ಮೆ 1,188 ರೂ.; ಮೇಲೆ ಹೇಳಿದ ಡಾಲರ್ ತಂತ್ರಾಂಶ, 465 ರೂ.

ತಂತ್ರಾಂಶಕ್ಕೆ ವರ್ಷವಿಡೀ ಹಣ ಕೊಟ್ಟರೆ ಒಟ್ಟು ಖರ್ಚು 9,744 ರೂ. ಆಕೆಯ ಬಳಿ ಇರುವುದು 7,200 ರೂ. ಆದರೆ ಆ ತಂತ್ರಾಂಶ ಬೇಕಾಗಿರುವುದು ಪ್ರಾಜೆಕ್ಟ್ ಕೆಲಸದ ಮೂರು ತಿಂಗಳು, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮಾತ್ರ. ಆ ಮೂರು ತಿಂಗಳಿಗಷ್ಟೇ ಪಡೆದರೆ ಒಟ್ಟು ಖರ್ಚು 5,559 ರೂ.ಗಳಿಗೆ ಇಳಿದು 1,641 ರೂ. ಉಳಿಯುತ್ತದೆ. ವರ್ಷದ ಲೆಕ್ಕದ ಪ್ರಯೋಜನ ಇದು. ಯಾವ ಸೇವೆ ಎಷ್ಟು ತಿಂಗಳು ಬೇಕು ಎಂಬ ಪ್ರಶ್ನೆಯನ್ನು ಅದು ನಮ್ಮ ಮುಂದಿಡುತ್ತದೆ.

ಆದರೆ ವರ್ಷದ ಮೊತ್ತ ಸರಿಯಾಗಿದ್ದರೂ ನಡುವೆ ಹಣ ಸಾಲದಿರಬಹುದು. ಆಕೆ ಜೂನ್‌ನಿಂದ ಹಣ ತೆಗೆದಿಡಲು ಆರಂಭಿಸುತ್ತಾಳೆ. ಸಂಗೀತ, ಚಲನಚಿತ್ರಗಳ 248 ರೂ. ಕಳೆದು ತಿಂಗಳಿಗೆ 352 ರೂ. ಉಳಿಯುತ್ತದೆ. ಆಗಸ್ಟಿನ ಕೊನೆಗೆ ಕೂಡಿದ್ದು 1,056 ರೂ. ಭಾಷಾ ಕಲಿಕೆಯ 1,188 ರೂ. ಆಗಸ್ಟಿನಲ್ಲಿಯೇ ಕಟ್ಟಬೇಕಾದರೆ 132 ರೂ. ಕೊರತೆ. ಸೆಪ್ಟೆಂಬರಿನಲ್ಲಿ ಆರಂಭಿಸಿದರೆ ಕಟ್ಟಿದ ಮೇಲೂ 220 ರೂ. ಕೈಯಲ್ಲಿರುತ್ತದೆ. ಮೊತ್ತ ಬದಲಾಗಲಿಲ್ಲ, ತಿಂಗಳು ಮಾತ್ರ ಬದಲಾಯಿತು.

ಇನ್ನು ದಿನಾಂಕದ ಮಾತು. ಫೆಬ್ರವರಿ 5ರಂದು ಸಂಗೀತ, 18ರಂದು ಚಲನಚಿತ್ರ, 20ರಂದು ತಂತ್ರಾಂಶ ನವೀಕರಣವಾಗುತ್ತವೆ ಎಂದುಕೊಳ್ಳಿ. ಕಾರ್ಡಿಗೆ ಎಂದಿನಂತೆ 600 ರೂ. ತುಂಬಿದರೆ ಮೊದಲೆರಡಕ್ಕೆ 248 ರೂ. ಹೋಗಿ 352 ರೂ. ಉಳಿಯುತ್ತದೆ. 20ರಂದು ತಂತ್ರಾಂಶದ ಪಾವತಿ ವಿಫಲವಾಗಿ ಪ್ರಾಜೆಕ್ಟ್ ಕೆಲಸ ನಿಲ್ಲುತ್ತದೆ. ಕಾರ್ಡಿಗೆ ದಿನಾಂಕ ಗೊತ್ತು, ಯಾವುದು ಮುಖ್ಯ ಎಂಬುದು ಗೊತ್ತಿಲ್ಲ. ಮೊದಲು ಬಂದ ಮನರಂಜನೆ ಓದಿನ ಹಣವನ್ನು ತೆಗೆದುಕೊಂಡು ಹೋಗುತ್ತದೆ. ಆ ತಿಂಗಳು ಕನಿಷ್ಠ 713 ರೂ. ತುಂಬಬೇಕು, ಅಥವಾ ಓದಿಗೊಂದು, ಮನರಂಜನೆಗೊಂದು ಎಂದು ಎರಡು ಕಾರ್ಡುಗಳನ್ನು ಇಟ್ಟುಕೊಳ್ಳಬೇಕು. ತಂತ್ರಾಂಶದ ಚಂದಾವನ್ನು ತಿಂಗಳ ಮೊದಲ ದಿನಗಳಲ್ಲಿ ಆರಂಭಿಸಿದರೆ ನವೀಕರಣವೂ ಮೊದಲೇ ಬರುತ್ತದೆ.

ತಾನಾಗಿ ಹೋಗುವ ಹಣಕ್ಕೆ ಕಡಿವಾಣ

ಪದೇ ಪದೇ ನಡೆಯುವ ಪಾವತಿಗಳ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಆಗಸ್ಟಿನಲ್ಲಿ ರೂಪಿಸಿದ ನಿಯಮಗಳು 2021ರ ಅಕ್ಟೋಬರ್ 1ರಿಂದ ಪೂರ್ಣವಾಗಿ ಜಾರಿಗೆ ಬಂದವು. ಮೊದಲ ಬಾರಿ ಒಪ್ಪಿಗೆ ಕೊಡುವಾಗ ಗ್ರಾಹಕರು ಓ.ಟಿ.ಪಿ.ಯಂತಹ ಹೆಚ್ಚುವರಿ ದೃಢೀಕರಣ ಮಾಡಬೇಕು. ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಸಂದೇಶ ಬರಬೇಕು. ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವ ಅವಕಾಶವೂ ಇರಬೇಕು. ಈ ಸಂದೇಶವನ್ನು ಓದದೆ ಅಳಿಸಬಾರದು. ಬೇಡವಾದ ಚಂದಾ ನಿಲ್ಲಿಸಲು ಅದೇ ಕೊನೆಯ ಎಚ್ಚರಿಕೆ.

ಉಚಿತ ಪ್ರಯೋಗದ ತಿಂಗಳು ಮುಗಿದ ಕೂಡಲೇ ಹಣ ಕಡಿತವಾಗುವುದು ಸಾಮಾನ್ಯ. ಪ್ರಯೋಗ ಮುಗಿಯುವ ದಿನವನ್ನು ಸೇರಿದ ದಿನವೇ ಬರೆದಿಡಿ. ಚಂದಾ ನಿಲ್ಲಿಸುವ ದಾರಿಯನ್ನು ಬೇಕೆಂದೇ ಕಷ್ಟವಾಗಿಸುವ ಚಂದಾ ಬಲೆಯನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಮೋಸದ ತಂತ್ರಗಳ ಪಟ್ಟಿಗೆ ಸೇರಿಸಿತು. ಕಾರ್ಡು ಖಾಲಿಯಾಗಿದ್ದರೆ ಹಣ ಹೋಗುವುದಿಲ್ಲ ನಿಜ. ಆದರೆ ಚಂದಾ ರದ್ದಾಗಿರುವುದಿಲ್ಲ. ಕೆಲವು ಸೇವೆಗಳು ಮತ್ತೆ ಮತ್ತೆ ಪ್ರಯತ್ನಿಸುತ್ತವೆ. ನೀವು ಬೇರೆ ಉದ್ದೇಶಕ್ಕೆ ಹಣ ತುಂಬಿದ ದಿನ ಅದು ಹೊರಟುಹೋಗಬಹುದು. ಹಾಗಾಗಿ ಬೇಡವಾದುದನ್ನು ಸೇವೆಯ ಖಾತೆಯಲ್ಲಿಯೇ ರದ್ದು ಮಾಡಿ.

18 ವರ್ಷ ತುಂಬದವರು ಪೋಷಕರ ಒಪ್ಪಿಗೆಯಿಂದಲೇ ಇಂತಹ ವ್ಯವಹಾರ ಮಾಡಬೇಕು. ಕಾರ್ಡಿನ ಸಂಖ್ಯೆ, ಓ.ಟಿ.ಪಿ. ಯಾರಿಗೂ ಹೇಳಬಾರದು. ವಂಚನೆಯಾದರೆ ಕಾರ್ಡು ಕೊಟ್ಟ ಸಂಸ್ಥೆಗೂ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೂ ತಕ್ಷಣ ತಿಳಿಸಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳುತ್ತಾರೆ. ಪ್ರಿಪೇಯ್ಡ್ ಕಾರ್ಡು ಹಾಸಿಗೆಯ ಅಳತೆಯನ್ನು ತೋರಿಸುತ್ತದೆ. ಕಾಲು ಎಲ್ಲಿಗೆ ಚಾಚಬೇಕೆಂದು ನಿರ್ಧರಿಸುವವರು ನಾವೇ.

ನೆನಪಿನಲ್ಲಿಡಿ

1. ಲೆಕ್ಕ ವರ್ಷಕ್ಕೆ, ಹಣ ತುಂಬುವುದು ದಿನಾಂಕಕ್ಕೆ.
2. ಡಾಲರ್ ದರಕ್ಕೆ ತೆರಿಗೆ, ವಿನಿಮಯ ಶುಲ್ಕ ಮತ್ತು ಏರಿಳಿತದ ಪಾಲು ಸೇರಿಸಿ.
3. ಓದಿನ ಚಂದಾ ಮೊದಲು, ಮನರಂಜನೆ ಆಮೇಲೆ.
4. ವಿದ್ಯಾರ್ಥಿ ದರ ಇದೆಯೇ ಎಂದು ಕೇಳಿ ನೋಡಿ.

ಅಭ್ಯಾಸ

1. ನಿಮ್ಮ ಮನೆಯಲ್ಲಿರುವ ಎಲ್ಲ ಡಿಜಿಟಲ್ ಚಂದಾಗಳ ಪಟ್ಟಿ ಮಾಡಿ. ದರ, ನವೀಕರಣದ ದಿನಾಂಕ, ಕಳೆದ ತಿಂಗಳು ಬಳಸಿದ ದಿನಗಳು ಇವನ್ನು ಬರೆಯಿರಿ.
2. ಡಾಲರಿನ ದರ 95 ರೂ. ಆದರೆ ಮೇಲಿನ ತಂತ್ರಾಂಶಕ್ಕೆ ಎಷ್ಟು ಹಣ ಬೇಕು? ಕಂಡುಹಿಡಿಯಿರಿ.
3. ವಿದ್ಯಾರ್ಥಿ ಬಸ್ ಪಾಸು ಮತ್ತು ಪ್ರಾದೇಶಿಕ ಚಂದಾ ದರ, ಇವೆರಡರಲ್ಲಿ ಇರುವ ಸಾಮ್ಯ-ವ್ಯತ್ಯಾಸಗಳನ್ನು ತರಗತಿಯಲ್ಲಿ ಚರ್ಚಿಸಿ.