‘ಹೋಮ್ಲಿ’ ಎಂದರೆ ನೋಡಲು ಹೇಗೆ?

ಇಂಗ್ಲಿಷ್ ಪತ್ರಿಕೆಗಳ ವಿವಾಹ ಜಾಹೀರಾತುಗಳಲ್ಲಿ ‘ಹೋಮ್ಲಿ’ ಎಂಬ ಶಬ್ದವನ್ನು ವಾಚಕರು ಕಂಡೇ ಇರುವರು. ಮನೆವಾರ್ತೆ ಬಲ್ಲ, ವಿನಯಶೀಲೆಯಾದ ಕನ್ಯೆ ಎಂಬುದು ನಮ್ಮವರು ಅದಕ್ಕಿತ್ತ ಅರ್ಥ. ಇಂಗ್ಲೆಂಡಿನಲ್ಲಿ ಅದು ಹೆಚ್ಚಾಗಿ ಮನೆಗೂ ಊಟಕ್ಕೂ ಸಲ್ಲುವ ಮಾತು. ಆಡಂಬರವಿಲ್ಲದಿದ್ದರೂ ಹಿತವಾದುದು ಎಂದು ಭಾವ. ಅಮೆರಿಕದಲ್ಲಿಯಾದರೋ, ವ್ಯಕ್ತಿಯನ್ನು ಹೋಮ್ಲಿ ಎಂದರೆ ರೂಪಹೀನನೆಂದೇ ಅರ್ಥ! ಅಲ್ಲಿಯೇ ಹುಟ್ಟಿ ಬೆಳೆದ ವರನಿಗೆ ತಂಗಿಯ ವಿಷಯ ಬರೆಯುವ ಅಣ್ಣನು ಈ ಒಂದೇ ಶಬ್ದದಿಂದ ಕೂಡಿಬಂದ ಸಂಬಂಧವನ್ನು ಕೆಡಿಸಿಯಾನು. ‘ಪ್ಲೇನ್’ ಎಂದು ತಿದ್ದಿದರೂ ಗತಿಯಿಲ್ಲ. ದೋಸೆಗೆ ಒಪ್ಪುವ ಆ ವಿಶೇಷಣವು ಹೆಣ್ಣಿನ ಮುಖಕ್ಕೆ ಸೇರಿದರೆ ಚೆಲುವಿಲ್ಲವೆಂದೇ ಆಗುವುದು. ನಮ್ಮ ‘ಲಕ್ಷಣವಾಗಿದ್ದಾಳೆ’ ಎಂಬ ಮಾತಿನ ಸೊಗಸು ಅಲ್ಲಿನ ಒಂಟಿ ಶಬ್ದಕ್ಕೆ ಎಲ್ಲಿಂದ ಬರಬೇಕು? ರೂಪವನ್ನೂ ಗುಣವನ್ನೂ ಬೇರೆ ಬೇರೆ ವಾಕ್ಯಗಳಲ್ಲಿ ಬಿಡಿಸಿ ಬರೆಯುವುದೇ ಕ್ಷೇಮ. ಖಾನಾವಳಿಯ ಹಲಗೆಯ ಮೇಲಿನ ‘ಹೋಮ್ಲಿ ಮೀಲ್ಸ್’ ಮಾತ್ರ ಇದ್ದಂತೆಯೇ ಇರಲಿ.